ಗಣಿತದಲ್ಲಿ ಹಿಂದೆ ಬಿದ್ದ ಮಕ್ಕಳು: ದಾವಣಗೆರೆ–ಹರಿಹರದ ನೆಲೆಯಿಂದ ಒಂದು ವಿವೇಚನೆ

ಗಣಿತ ಬಾರದ ಮಗು, ಗಣಿತ ಬೇಡವಾದ ಮಗು ಎಂದು ಶಾಲೆಗಳಲ್ಲಿ ಎರಡು ಗುಂಪು ಮಾಡುವ ವಾಡಿಕೆಯಿದೆ. ಮೊದಲನೆಯದಕ್ಕೆ ಬುದ್ಧಿ ಸಾಲದು, ಎರಡನೆಯದಕ್ಕೆ ಮನಸ್ಸಿಲ್ಲ ಎಂಬ ಎಣಿಕೆ ಇದರ ಹಿಂದಿದೆ. ತರಗತಿಯನ್ನು ಹತ್ತಿರದಿಂದ ನೋಡಿದರೆ ಈ ಎರಡೂ ಬಹುಪಾಲು ಒಂದೇ ಮಗುವಿನ ಎರಡು ಕಾಲದ ಸ್ಥಿತಿಗಳು. ಮೂರನೆಯ ತರಗತಿಯಲ್ಲಿ ಕಳೆಯುವ ಲೆಕ್ಕ ತಿಳಿಯದೆ ಹೋದ ಮಗು ಐದರಲ್ಲಿ ಭಾಗಾಕಾರದ ಮುಂದೆ ತಡವರಿಸುತ್ತದೆ, ಏಳರಲ್ಲಿ ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತದೆ, ಒಂಬತ್ತರ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತ ಕೂರುತ್ತದೆ. ಪ್ರೌಢಶಾಲೆಯ ಶಿಕ್ಷಕರ ಕಣ್ಣಿಗೆ ಬೀಳುವುದು ಈ ಕೊನೆಯ ಸ್ಥಿತಿ ಮಾತ್ರ. ಅದಕ್ಕೆ ಅವರು ಸೋಮಾರಿತನ ಎಂಬ ಹೆಸರಿಡುತ್ತಾರೆ. ಆರು ವರ್ಷ ದಿನಕ್ಕೆ ನಲವತ್ತು ನಿಮಿಷ ಅರ್ಥವಾಗದ ಮಾತು ಕೇಳಿಸಿಕೊಂಡು ಕೂತವರು ದೊಡ್ಡವರಾಗಿದ್ದರೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಆದ್ದರಿಂದ ಆಸಕ್ತಿ ಹುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಮಗು ಯಾವ ಮೆಟ್ಟಿಲಲ್ಲಿ ನಿಂತುಹೋಯಿತು?

ಮಕ್ಕಳು ನಿಂತುಹೋಗುತ್ತಿರುವುದು ಎಲ್ಲೋ ಒಂದೆರಡು ಶಾಲೆಯ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ ಗಣಿತದ ಸರಾಸರಿ ಅಂಕ 3ನೇ ತರಗತಿಯಲ್ಲಿ ಶೇ. 60, 6ನೇ ತರಗತಿಯಲ್ಲಿ ಶೇ. 46, 9ನೇ ತರಗತಿಯಲ್ಲಿ ಶೇ. 37. ಭಾಷೆಯ ಅಂಕವೂ ಇಳಿಯುತ್ತದೆ, ಆದರೆ 64ರಿಂದ 54ಕ್ಕೆ ಬಂದು ನಿಲ್ಲುತ್ತದೆ. ಗ್ರಾಮೀಣ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲ 8ನೇ ತರಗತಿಯ ಮಕ್ಕಳು ದೇಶದಲ್ಲಿ ಶೇ. 45.8 ಮಾತ್ರ. 2018ರಲ್ಲಿಯೂ ಈ ಪ್ರಮಾಣ ಶೇ. 44ರ ಆಸುಪಾಸಿನಲ್ಲೇ ಇತ್ತು. ಅಂದರೆ ಈ ಕೊರತೆಯನ್ನು ಕೊರೋನಾ ಕಾಲದ ತಲೆಗೆ ಕಟ್ಟುವಂತಿಲ್ಲ. ಭಾಷೆಯ ಪಾಠದಲ್ಲಿ ಒಂದು ಪದ್ಯ ತಪ್ಪಿಸಿಕೊಂಡ ಮಗು ಮುಂದಿನ ಪದ್ಯವನ್ನು ಓದಬಲ್ಲದು. ಗಣಿತದಲ್ಲಿ ಭಿನ್ನರಾಶಿ ತಪ್ಪಿಸಿಕೊಂಡ ಮಗುವಿಗೆ ಅನುಪಾತ, ಶೇಕಡ, ಬಡ್ಡಿ, ಬೀಜೋಕ್ತಿ, ತ್ರಿಕೋನಮಿತಿ ಎಲ್ಲವೂ ಒಟ್ಟಿಗೆ ಮುಚ್ಚಿಹೋಗುತ್ತವೆ. ವಿಷಯದ ಕಟ್ಟಡವೇ ಹಾಗಿದೆ. ಇಳಿಜಾರಿನ ಮೊದಲ ಕಾರಣವನ್ನು ಮಕ್ಕಳ ಸ್ವಭಾವದಲ್ಲಿ ಹುಡುಕುವ ಬದಲು ಇಲ್ಲಿ ಹುಡುಕಬೇಕು.

ಮಕ್ಕಳು ನಿಲ್ಲುವ ಮೆಟ್ಟಿಲುಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಸ್ಥಾನಬೆಲೆ, ಭಾಗಾಕಾರದ ಅರ್ಥ, ಭಿನ್ನರಾಶಿ ಮತ್ತು ದಶಮಾಂಶ, ಋಣ ಚಿಹ್ನೆ, ಸಂಖ್ಯೆಯ ಜಾಗದಲ್ಲಿ ಬಂದು ಕೂರುವ ಅಕ್ಷರ — ಬಹುಪಾಲು ಮಕ್ಕಳ ತೊಡಕು ಈ ಐದರಲ್ಲಿ ಒಂದರಿಂದ ಶುರುವಾಗಿರುತ್ತದೆ ಎಂದು ಅನುಭವಿ ಶಿಕ್ಷಕರು ಬಲ್ಲರು. ಯಾವ ಮಗು ಎಲ್ಲಿ ನಿಂತಿದೆ ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಡ, ಮಗು ಮಾಡಿದ ತಪ್ಪನ್ನು ಓದಿದರೆ ಸಾಕು.

52ರಿಂದ 38 ಕಳೆಯಲು ಹೇಳಿದಾಗ 26 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲಿದ್ದಾರೆ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಬಿಡಿ ಸ್ಥಾನದಲ್ಲಿ 2 ಮತ್ತು 8 ಇವೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಎರಡನೆಯ ತರಗತಿಯಲ್ಲಿ ಕಲಿಸಿದ್ದಾರೆ, ಹಾಗಾಗಿ 6. ಹತ್ತರ ಸ್ಥಾನದಲ್ಲಿ 5ರಿಂದ 3 ಕಳೆದರೆ 2. ಮಗು ಒಂದು ನಿಯಮವನ್ನು ಬಲು ನಿಷ್ಠೆಯಿಂದ ಪಾಲಿಸಿದೆ, ಆ ನಿಯಮ ತಪ್ಪು ಅಷ್ಟೆ. ಅಮೆರಿಕದ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಂಪ್ಯೂಟರಿನ ನೆರವಿನಿಂದ ವಿಂಗಡಿಸಿ, ಅವುಗಳಲ್ಲಿ ಬಹಳಷ್ಟು ಒಂದು ಕ್ರಮಕ್ಕೆ ಒಳಪಟ್ಟವು ಎಂದು ತೋರಿಸಿದರು. 'ಇನ್ನೂರ ನಾಲ್ಕು' ಎಂದರೆ 2004 ಎಂದು ಬರೆಯುವ ಮಗು ಕೇಳಿದ್ದನ್ನು ಕೇಳಿದ ಹಾಗೆಯೇ, ಮೊದಲು 200, ಅದರ ಪಕ್ಕ 4 ಎಂದು ಬರೆದಿದೆ. 1/2 ಮತ್ತು 1/3 ಕೂಡಿಸಿ 2/5 ಎನ್ನುವ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಬಂದ ಮೊತ್ತ ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ಅದಕ್ಕೆ ಅನ್ನಿಸದಿರುವುದೇ ನಿಜವಾದ ತೊಂದರೆ. ಆ ಮಗುವಿಗೆ 1/2 ಎಂಬುದು ಒಂದು ಸಂಖ್ಯೆಯೇ ಅಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆಗಳು. –3 – 5 = 8 ಎಂದು ಬರೆಯುವವನ ಕಿವಿಯಲ್ಲಿ 'ಮೈನಸ್ ಮೈನಸ್ ಪ್ಲಸ್' ಎಂಬ ಗುಣಾಕಾರದ ಸೂತ್ರ ಮೊಳಗುತ್ತಿರುತ್ತದೆ. ಉತ್ತರದ ಮೇಲೆ ಕೆಂಪು ಗೀಟು ಎಳೆದರೆ ಈ ಯಾವುದೂ ಹೊರಗೆ ಬರುವುದಿಲ್ಲ. 'ಇದನ್ನ ಹೆಂಗೆ ಮಾಡ್ದೆ, ಒಂಚೂರು ಹೇಳು' ಎಂದು ಕೇಳಿದರೆ ಬರುತ್ತದೆ. ಹಿಂದೆ ಬಿದ್ದ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಮತ್ತೊಂದಿಲ್ಲ.

ಸ್ಥಾನಬೆಲೆಯ ಮೆಟ್ಟಿಲಿಗೆ ದಾವಣಗೆರೆ ನಗರದಲ್ಲಿ ಇನ್ನೊಂದು ಮುಖವಿದೆ. ಇಲ್ಲಿನ ಸಾವಿರಾರು ಮಕ್ಕಳ ಮನೆಮಾತು ಉರ್ದು. ಕನ್ನಡದ ಎಣಿಕೆಯಲ್ಲಿ ಇಪ್ಪತ್ತರ ನಂತರ ಹತ್ತು ಮೊದಲು, ಬಿಡಿ ಆಮೇಲೆ ಬರುತ್ತದೆ. ಅಂಕಿ ಬರೆಯುವ ಕ್ರಮವೂ ಅದೇ. ಉರ್ದುವಿನಲ್ಲಿ ನೂರರವರೆಗಿನ ಹೆಸರುಗಳಲ್ಲಿ ಬಿಡಿ ಮುಂದೆ ಬರುತ್ತದೆ, ರೂಪವೂ ಮಾರ್ಪಟ್ಟಿರುತ್ತದೆ, 29ಕ್ಕೆ ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ಹೆಸರಿದೆ. ಮನೆಯಲ್ಲಿ ಒಂದು ಬಗೆ, ಶಾಲೆಯಲ್ಲಿ ಇನ್ನೊಂದು ಬಗೆ ಎಣಿಸುವ ಮಗುವಿಗೆ ಮೊದಲ ಎರಡು ವರ್ಷ ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿಗಳನ್ನು ಕೈಯಲ್ಲಿ ಹಿಡಿಸಿ ಎಣಿಸಿದಷ್ಟೂ ಒಳ್ಳೆಯದು. ಮಾಯಕೊಂಡ, ಜಗಳೂರು, ಚನ್ನಗಿರಿ ಕಡೆಯ, ಮನೆಮಾತು ಕನ್ನಡವಲ್ಲದ ತಾಂಡಾಗಳ ಮಕ್ಕಳಿಗೂ ಈ ಮಾತು ಹೊಂದುತ್ತದೆ.

ಇನ್ನು ಶಾಲೆಯ ಹೊರಗಿನ ಲೆಕ್ಕದ ವಿಚಾರ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆ ಇಂದು ಮೆಕ್ಕೆಜೋಳ ಮತ್ತು ಭತ್ತದ ವ್ಯಾಪಾರದ, ಅಕ್ಕಿ ಗಿರಣಿಯ, ಮಂಡಕ್ಕಿ ಭಟ್ಟಿಯ ಊರು. ಸರ್ಕಾರಿ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರ ತಂದೆತಾಯಿ ಹಮಾಲಿಗಳು, ಭಟ್ಟಿ ಕೆಲಸಗಾರರು, ಆಟೋ ಓಡಿಸುವವರು, ಹೂವು ತರಕಾರಿ ಮಾರುವವರು. ಸಂಜೆ ತಾಯಿಯ ಜೊತೆ ಹೂವಿನ ಬುಟ್ಟಿಯ ಮುಂದೆ ಕೂರುವ ಹುಡುಗಿ ಮಾರಿಗೆ 60 ರೂಪಾಯಿ ಇದ್ದರೆ ಮೊಳಕ್ಕೆ 15 ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಾಳೆ, ಒಂದೂವರೆ ಮಾರಿಗೆ 90 ತೆಗೆದುಕೊಂಡು ಐನೂರರ ನೋಟಿಗೆ ಚಿಲ್ಲರೆ ಕೊಡುತ್ತಾಳೆ. ಅದೇ ಹುಡುಗಿ ಶಾಲೆಯಲ್ಲಿ 60ರ 1/4 ಎಷ್ಟು ಎಂದರೆ ತಲೆ ತಗ್ಗಿಸುತ್ತಾಳೆ.

ಇದು ಕಲ್ಪಿತ ವಿರೋಧವಲ್ಲ, ಚೆನ್ನಾಗಿ ಅಧ್ಯಯನಗೊಂಡ ಸಂಗತಿ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ, ಮೆಕ್ಕೆಜೋಳ ಮಾರುತ್ತಿದ್ದ ಮಕ್ಕಳನ್ನು ಕರಾಹರ್, ಶ್ಲೀಮನ್ ಮತ್ತವರ ಸಂಗಡಿಗರು ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿ ಇದ್ದವು. ಅದೇ ಸಂಖ್ಯೆಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ. 37. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಹಸಂಶೋಧಕರು ನಡೆಸಿದ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಫಲಿತಾಂಶವೂ ಇದೇ ದಿಕ್ಕಿನದು. ಅಲ್ಲಿ ಇನ್ನೊಂದು ಸಂಗತಿಯೂ ಹೊರಬಂತು: ಶಾಲೆಯ ಲೆಕ್ಕವನ್ನು ಸರಿಯಾಗಿ ಮಾಡುತ್ತಿದ್ದ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ಸೋತರು. ಒಂದು ಕಡೆಯ ಜಾಣ್ಮೆ ತಾನಾಗಿಯೇ ಇನ್ನೊಂದು ಕಡೆಗೆ ದಾಟುವುದಿಲ್ಲ. ದಾಟಿಸುವವರು ಬೇಕು, ಮತ್ತು ಅದು ಗಣಿತ ಶಿಕ್ಷಕರ ಕೆಲಸ.

ದಾಟಿಸುವುದೆಂದರೆ ಲೆಕ್ಕಕ್ಕೆ ಊರಿನ ಹೆಸರು ಅಂಟಿಸುವುದಲ್ಲ. 'ಒಬ್ಬ ಮಂಡಕ್ಕಿ ವ್ಯಾಪಾರಿಯ ಬಳಿ' ಎಂದು ಶುರುಮಾಡಿ ಹಳೆಯ ಲೆಕ್ಕವನ್ನೇ ಹೇಳಿದರೆ ಮಗುವಿಗೆ ಮೋಸ ತಕ್ಷಣ ಗೊತ್ತಾಗುತ್ತದೆ. ಮಗು ಬಾಯಲ್ಲಿ ಮಾಡುವ ಕ್ರಮವನ್ನು ಮೊದಲು ಹೊರಗೆ ಹೇಳಿಸಬೇಕು, ಆಮೇಲೆ ಅದನ್ನೇ ಬೋರ್ಡಿನ ಮೇಲೆ ಬರೆಯಬೇಕು. 500ರಿಂದ 90 ಕಳೆಯಲು ಹೂವಿನ ಹುಡುಗಿ ಕಳೆಯುವುದೇ ಇಲ್ಲ. 90ಕ್ಕೆ 10 ಸೇರಿದರೆ ನೂರು, ನೂರಕ್ಕೆ ನಾನೂರು ಸೇರಿದರೆ ಐನೂರು, ಒಟ್ಟು 410 ಎಂದು ಕೂಡಿಸುತ್ತ ಹೋಗುತ್ತಾಳೆ. ಅದನ್ನು ಒಂದು ಗೆರೆಯ ಮೇಲೆ 90, 100, 500 ಎಂದು ಗುರುತು ಮಾಡಿ ತೋರಿಸಿದರೆ ಅವಳ ಲೆಕ್ಕ ತರಗತಿಯ ಲೆಕ್ಕವಾಗುತ್ತದೆ. ಅದೇ ಗೆರೆಯ ಮೇಲೆ 52ರಿಂದ 38 ಕೂಡ ಕಳೆಯಬಹುದು: 38ಕ್ಕೆ 2 ಸೇರಿದರೆ 40, ಅದಕ್ಕೆ 12 ಸೇರಿದರೆ 52, ಉತ್ತರ 14. ದಶಕ ತೆಗೆದುಕೊಳ್ಳುವ ವಿಧಾನವನ್ನು ಇದಾದ ಮೇಲೆ ಹೇಳಿಕೊಟ್ಟರೆ ಅದರಲ್ಲಿ ತಪ್ಪು ಉತ್ತರ ಬಂದಾಗ ಹಿಡಿಯಲು ಮಗುವಿನ ಬಳಿ ಇನ್ನೊಂದು ದಾರಿ ಇರುತ್ತದೆ.

ಹರಿಹರ ತಾಲ್ಲೂಕಿನ ರೈತರ ಮನೆಗಳಲ್ಲಿ ಸಿಗುವ ಒಂದು ಕಾಗದ ಸ್ಥಾನಬೆಲೆಯ ಪಾಠಕ್ಕೆ ಪಠ್ಯಪುಸ್ತಕಕ್ಕಿಂತ ಹೆಚ್ಚು ಒದಗಬಲ್ಲದು. ಅದು ಪಹಣಿ. ಅದರಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಚುಕ್ಕಿ ಹಾಕಿ ಬರೆದಿರುತ್ತಾರೆ. 2.30 ಎಂದರೆ ಎರಡು ಎಕರೆ ಮೂವತ್ತು ಗುಂಟೆ. 33 ಅಡಿ ಉದ್ದ 33 ಅಡಿ ಅಗಲದ 1,089 ಚದರ ಅಡಿ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಈಗ 2.30ಕ್ಕೆ 1.20 ಕೂಡಿಸಬೇಕು. ಶಾಲೆಯ ದಶಮಾಂಶದ ರೀತಿಯಲ್ಲಿ 3.50 ಬರುತ್ತದೆ. ಹೊಲದ ಲೆಕ್ಕ ಬಲ್ಲ ಮಗು ಒಪ್ಪುವುದಿಲ್ಲ. ಮೂವತ್ತು ಇಪ್ಪತ್ತು ಐವತ್ತು ಗುಂಟೆ, ನಲವತ್ತಕ್ಕೆ ಒಂದು ಎಕರೆ ಆಯಿತು, ಹತ್ತು ಗುಂಟೆ ಉಳಿಯಿತು, ಒಟ್ಟು ನಾಲ್ಕು ಎಕರೆ ಹತ್ತು ಗುಂಟೆ. ಬಿಡಿ ಸ್ಥಾನದಲ್ಲಿ ಹತ್ತು ತುಂಬಿದಾಗ ಒಂದು ದಶಕ ಎಡಕ್ಕೆ ಹೋಗುತ್ತದೆ ಎಂಬುದನ್ನು ಮಂತ್ರದಂತೆ ಕಲಿತಿದ್ದ ಮಗುವಿಗೆ, ನಲವತ್ತು ತುಂಬಿದಾಗ ಒಂದು ಎಕರೆ ಎಡಕ್ಕೆ ಹೋಗುವುದನ್ನು ಕಂಡ ಮೇಲೆ ಹತ್ತಕ್ಕೆ ಯಾಕೆ ಎಂಬುದು ತಿಳಿಯುತ್ತದೆ. 2 ಎಕರೆ 30 ಗುಂಟೆಯನ್ನು ದಶಮಾಂಶದಲ್ಲಿ ಬರೆದರೆ 2.75 ಎಂಬುದು ಮುಂದಿನ ದಿನದ ಪಾಠ, 30/40 ಮತ್ತು 3/4 ಎರಡೂ ಒಂದೇ ಎಂಬುದು ಅದರ ಮರುದಿನದ್ದು. ಏಳನೆಯ ತರಗತಿಯ ಭಿನ್ನರಾಶಿ, ದಶಮಾಂಶ, ವಿಸ್ತೀರ್ಣ ಮೂರೂ ಒಂದೇ ಕಾಗದದಲ್ಲಿ ಸಿಗುತ್ತವೆ. ಮನೆಯಲ್ಲಿ ಪಾಲು ಹಂಚಿಕೆಯ ಮಾತು ಕೇಳಿ ಬೆಳೆದ ಮಕ್ಕಳಿಗೆ ಈ ಲೆಕ್ಕದ ಉತ್ತರ ಮುಖ್ಯ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹರಿಹರ ಪೇಟೆಯ ಮಕ್ಕಳಿಗೆ ದಶಮಾಂಶ ಮತ್ತೊಂದು ಕಡೆ ಸಿಗುತ್ತದೆ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶಕ್ಕೆಲ್ಲ ಹೋಗುತ್ತಿದ್ದವು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು, ಆದರೆ ಲೇತ್ ಕೆಲಸ ಬಲ್ಲ ಮನೆತನಗಳು ಊರಲ್ಲಿ ಉಳಿದಿವೆ. 0.35 ದೊಡ್ಡದೋ 0.4 ದೊಡ್ಡದೋ ಎಂದರೆ, 35 ನಾಲ್ಕಕ್ಕಿಂತ ದೊಡ್ಡದಾದ್ದರಿಂದ 0.35 ದೊಡ್ಡದು ಎನ್ನುವ ಮಕ್ಕಳು ಎಂಟನೆಯ ತರಗತಿಯಲ್ಲೂ ಇರುತ್ತಾರೆ. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟು 25.4 ಮಿ.ಮೀ. ರಂಧ್ರದೊಳಗೆ 25.35 ಮಿ.ಮೀ. ದಂಡ ಹೋಗುವುದನ್ನೂ, 25.35ರ ರಂಧ್ರಕ್ಕೆ 25.4ರ ದಂಡ ಹೋಗದಿರುವುದನ್ನೂ ತೋರಿಸಿದರೆ ಆ ತಪ್ಪು ಮತ್ತೆ ತಲೆಯೆತ್ತುವುದು ಕಷ್ಟ. ಐಟಿಐಗೆ ಸೇರಬೇಕೆಂದಿರುವ ಹುಡುಗನಿಗೆ ದಶಮಾಂಶ ಕೆಲಸದ ಉಪಕರಣವೂ ಹೌದು. ಋಣ ಸಂಖ್ಯೆಗೆ ಭದ್ರಾ ಜಲಾಶಯವಿದೆ. ಅದರ ಗರಿಷ್ಠ ಮಟ್ಟ 186 ಅಡಿ. ನಾಲೆಯ ಕೊನೆಭಾಗದಲ್ಲಿರುವ ದಾವಣಗೆರೆ, ಹರಿಹರದ ರೈತರು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ನೀರಿನ ಮಟ್ಟ ನೋಡುತ್ತಾರೆ. ನಿನ್ನೆಗಿಂತ ಏರಿದ್ದು ಧನ, ಇಳಿದದ್ದು ಋಣ, ವಾರದ ಒಟ್ಟು ಬದಲಾವಣೆ ಎಷ್ಟು ಎಂದು ತರಗತಿಯ ಗೋಡೆಯ ಮೇಲೆ ಬರೆಯುತ್ತ ಹೋದರೆ ಮೂರು ಅಡಿ ಇಳಿದು ಮತ್ತೆ ಐದು ಅಡಿ ಇಳಿದ ನೀರು ಎಂಟು ಅಡಿ ಏರಿತು ಎಂದು ಯಾರೂ ಹೇಳುವುದಿಲ್ಲ.

ಲೆಕ್ಕವನ್ನು ಬದುಕಿನ ವ್ಯವಹಾರದಿಂದ ಎತ್ತಿಕೊಳ್ಳುವುದು ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಹಣ್ಣು, ಹೂವು, ಚಿನ್ನ, ಬಡ್ಡಿಯ ಲೆಕ್ಕಗಳಿಂದ ತುಂಬಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ 'ವ್ಯವಹಾರಗಣಿತ'. ಹಳೆಯ ಐಗಳ ಮಠಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಆಣೆ, ಸೇರು, ಮಣಗಳ ವ್ಯವಹಾರಕ್ಕೆ ಅವು ಬೇಕಿದ್ದವು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದ ಮೇಲೆ ಅವುಗಳ ಅಗತ್ಯ ಕಡಿಮೆಯಾಯಿತು, ಶಾಲೆಯಿಂದಲೂ ಮರೆಯಾದವು. ಜೊತೆಗೆ, ಭಿನ್ನರಾಶಿಯೊಂದಿಗೆ ಎಳವೆಯಲ್ಲೇ ಬೆಳೆಯುತ್ತಿದ್ದ ಸಲುಗೆಯೂ ಹೋಯಿತು ಎಂಬುದನ್ನು ನೆನೆಯಬೇಕು. ಬಾಯಿಪಾಠವನ್ನೇ ಇಂದು ಹೀಗಳೆಯುವವರಿದ್ದಾರೆ. ಅದು ಸರಿಯಲ್ಲ. 7 × 8 ಎಷ್ಟೆಂದು ಪ್ರತಿಸಲ ಬೆರಳು ಮಡಿಸಿ ಎಣಿಸುವ ಮಗುವಿನ ಗಮನವೆಲ್ಲ ಅಲ್ಲೇ ಖರ್ಚಾಗಿ, ಭಾಗಾಕಾರದ ಹೆಜ್ಜೆಗಳನ್ನು ನೆನಪಿಡಲು ಏನೂ ಉಳಿಯುವುದಿಲ್ಲ. ಮಗ್ಗಿ ಬೇಕು. ಆದರೆ ಏಳೆಂಟಲಿ ಐವತ್ತಾರು ಮರೆತರೆ ಏಳೇಳಲಿ ನಲವತ್ತೊಂಬತ್ತಕ್ಕೆ ಏಳು ಸೇರಿಸಿಕೊಳ್ಳಬಹುದು ಎಂಬ ತಿಳಿವಳಿಕೆಯ ಜೊತೆಗೆ ಬೇಕು.

ಇಷ್ಟಾದ ಮೇಲೂ ಪೆನ್ನು ಎತ್ತದ ಮಕ್ಕಳಿರುತ್ತಾರೆ. ವರ್ಷಗಟ್ಟಲೆ 'ದಡ್ಡ' ಎನಿಸಿಕೊಂಡ ಮಗುವಿಗೆ ಪ್ರಯತ್ನವೇ ಅಪಾಯ. ಪ್ರಯತ್ನಿಸಿ ತಪ್ಪಿದರೆ ದಡ್ಡತನ ಸಾಬೀತಾಗುತ್ತದೆ, ಪ್ರಯತ್ನಿಸದಿದ್ದರೆ ಸೋಮಾರಿ ಎನಿಸಿಕೊಂಡು ಪಾರಾಗಬಹುದು. ಹೆಚ್ಚಿನ ಮಕ್ಕಳು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ಇಂಥ ಮಗುವಿಗೆ ಗಣಿತದ ಮಹತ್ವ ಕುರಿತು ಭಾಷಣ ಮಾಡಿ ಫಲವಿಲ್ಲ. ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದಂದು ರಾಮಾನುಜನ್ ಅವರ ಪ್ರತಿಭೆಯನ್ನಷ್ಟೇ ಕೊಂಡಾಡಿದರೆ, ಗಣಿತ ಹುಟ್ಟಾ ಜಾಣರಿಗೆ ಸೇರಿದ್ದು ಎಂಬ ಅದರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆ ಮಗುವಿಗೆ ಬೇಕಾದದ್ದು ಇವತ್ತು, ಈ ತರಗತಿಯಲ್ಲಿ, ತಾನೇ ಮಾಡಿ ಸರಿಬಂದ ಒಂದು ಲೆಕ್ಕ. ಆ ಲೆಕ್ಕ ನಿಜಕ್ಕೂ ಅದರ ಮಟ್ಟದ್ದಾಗಿರಬೇಕು. ತೀರ ಸುಲಭದ್ದನ್ನು ಕೊಟ್ಟು ಚಪ್ಪಾಳೆ ತಟ್ಟಿಸಿದರೆ ಮಗು ಅವಮಾನವೆಂದೇ ತಿಳಿಯುತ್ತದೆ.

ಇದಕ್ಕೆ ನೆರವಾಗುವ ರೂಢಿಗಳು ದುಬಾರಿಯಲ್ಲ. ಮೊದಲನೆಯದು ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೂ ಮಕ್ಕಳ ಉತ್ತರಗಳ ಉದ್ದ ಮತ್ತು ಗುಣ ಹೆಚ್ಚುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಿಕೆಗಳಿಂದ ತೋರಿಸಿದರು. ಮುಂದಿನ ಬೆಂಚಿನವರು ಕೂಗಿ ಹೇಳುವುದನ್ನು ನಿಲ್ಲಿಸಿ, ಎಲ್ಲರೂ ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸುವ ಹಳೆಯ ಪದ್ಧತಿ ಈ ಕಾಯುವಿಕೆಗೆ ಒಳ್ಳೆಯ ಉಪಾಯ. ಸ್ಲೇಟು ಒರೆಸಿದರೆ ತಪ್ಪು ಉಳಿಯುವುದಿಲ್ಲ ಎಂಬ ಧೈರ್ಯವೂ ಅದರಲ್ಲಿದೆ. ಇನ್ನೊಂದು, ಬಿಡಿಸಿದ ಲೆಕ್ಕವನ್ನು ಓದಿಸುವುದು. ಆಸ್ಟ್ರೇಲಿಯಾದ ಸ್ವೆಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬಿಡಿಸಿದ ಮಾದರಿಗಳನ್ನು ಗಮನವಿಟ್ಟು ಓದಿದ ಹೊಸ ಕಲಿಕೆಯವರು ಬರೀ ಲೆಕ್ಕ ಬಿಡಿಸುತ್ತ ಹೋದವರಿಗಿಂತ ಕಡಿಮೆ ಸಮಯದಲ್ಲಿ ಕಲಿತರು. ಹಿಂದೆ ಬಿದ್ದ ಮಗುವಿಗೆ ಪೂರ್ತಿ ಬಿಡಿಸಿದ ಒಂದು ಲೆಕ್ಕ, ಕೊನೆಯ ಹೆಜ್ಜೆ ಬಿಟ್ಟ ಇನ್ನೊಂದು, ಎರಡು ಹೆಜ್ಜೆ ಬಿಟ್ಟ ಮತ್ತೊಂದು ಎಂದು ಕೊಡುತ್ತ ಹೋಗಬೇಕು. ಹತ್ತು ಲೆಕ್ಕದ ಹೋಂವರ್ಕ್ ಕೊಟ್ಟು, ಮಾಡಿ ತರದವರನ್ನು ನಿಲ್ಲಿಸುವುದರಿಂದ ಕಲಿಕೆಯೂ ಆಗದು, ಗೌರವವೂ ಉಳಿಯದು.

ಎಸ್ಸೆಸ್ಸೆಲ್ಸಿಯ ಮಾತು ತೆಗೆಯದೆ ಈ ವಿಷಯ ಮುಗಿಯುವುದಿಲ್ಲ, ಯಾಕೆಂದರೆ ಹಿಂದೆ ಬಿದ್ದ ಮಗುವಿನ ಕಡೆಗೆ ವ್ಯವಸ್ಥೆಯ ಗಮನ ಪೂರ್ತಿ ತಿರುಗುವುದು ಹತ್ತನೆಯ ತರಗತಿಯ ಜನವರಿ ತಿಂಗಳಲ್ಲಿ. ಆಗ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ. ನಕ್ಷೆಯ ಮೂಲಕ ರೇಖಾತ್ಮಕ ಸಮೀಕರಣ ಬಿಡಿಸುವುದು, ಥೇಲ್ಸ್ ಪ್ರಮೇಯದ ಸಾಧನೆ, ಸರಾಸರಿ, ಮಧ್ಯಾಂಕ, ಬಹುಲಕ, ಇಷ್ಟನ್ನು ಅಭ್ಯಾಸ ಮಾಡಿಸಿದರೆ, ಬಹುಕಾಲ ಜಾರಿಯಲ್ಲಿದ್ದ ನಿಯಮದಂತೆ, 80 ಅಂಕದ ಲಿಖಿತ ಪತ್ರಿಕೆಯಲ್ಲಿ ಪಾಸಾಗಲು ಬೇಕಿದ್ದ 28 ಅಂಕ ದಾಟಬಹುದಿತ್ತು. ಬೆಳಿಗ್ಗೆ ಸಂಜೆ ವಿಶೇಷ ತರಗತಿ, ರಾತ್ರಿ ಗ್ರೂಪ್ ಸ್ಟಡಿ, ಮಕ್ಕಳ ಮನೆಗೆ ಫೋನ್, ಹೀಗೆ ಶಿಕ್ಷಕರು ಆ ಮೂರು ತಿಂಗಳು ಪಡುವ ಶ್ರಮ ದೊಡ್ಡದು. ಅವರನ್ನು ದೂರುವುದು ಅನ್ಯಾಯ. ಆದರೆ ಥೇಲ್ಸ್ ಪ್ರಮೇಯವನ್ನು ಅಕ್ಷರಶಃ ಬರೆದು ಪಾಸಾದ ಹುಡುಗ ಸಾಲದ ಮೇಲಿನ ಶೇಕಡ 12 ಬಡ್ಡಿ ವರ್ಷಕ್ಕೆಷ್ಟು, ತಿಂಗಳಿಗೆಷ್ಟು ಎಂದು ಹೇಳಲಾರದಿದ್ದರೆ ಆ ಶ್ರಮಕ್ಕೆ ಸಿಕ್ಕ ಫಲ ಬಹಳ ಕಡಿಮೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ, ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಪರೀಕ್ಷೆ–1ರಲ್ಲಿ ಅದು ಶೇ. 62.34. ಹತ್ತನೆಯ ತರಗತಿಯ ಕೊನೆಯಲ್ಲಿ ಸರಿಪಡಿಸುವ ವಿಧಾನಕ್ಕೆ ಇರುವ ಮಿತಿಯನ್ನು ಈ ಅಂಕಿಗಳು ತಿಳಿಸುತ್ತವೆ.

ಹಾಗಾದರೆ ಯಾವಾಗ? ಐದರಿಂದ ಎಂಟನೆಯ ತರಗತಿಯ ನಡುವೆ ಎಂಬುದು ಉತ್ತರ. ಅದಕ್ಕೆ ಬೇಕಾದ ಸಲಕರಣೆಗಳಲ್ಲಿ ಬಹಳಷ್ಟು ಕರ್ನಾಟಕದಲ್ಲಿ ಈಗಾಗಲೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದೆ ಹೋಗಬೇಕು ಎಂಬ ತತ್ತ್ವವನ್ನು ಒಪ್ಪಿಕೊಂಡ ಪದ್ಧತಿ, ಆದರೆ ಅದು ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕನೆಯದರಿಂದ ಎಲ್ಲರಿಗೂ ಒಂದೇ ಪುಟ. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗೆ ಮಣಿಚೌಕಟ್ಟು, ದಶಮಾನ ಘಟಕ, ಭಿನ್ನರಾಶಿ ಪಟ್ಟಿಗಳ ಕಿಟ್ ಒದಗಿಸಿತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳ ಮೂಲಕ ಊರಿನವರ ಕಣ್ಣೆದುರು ಲೆಕ್ಕವನ್ನು ತಂದಿತು. ಕಿಟ್ಟು ಬೀರುವಿನಲ್ಲಿದ್ದರೆ ಉಪಯೋಗವಿಲ್ಲ, ಬೆಂಚಿನ ಮೇಲಿರಬೇಕು, ಎರಡು ಪಟ್ಟಿ ಕಳೆದುಹೋದರೂ ಚಿಂತೆಯಿಲ್ಲ. ಶಿಕ್ಷಕರು ಮಕ್ಕಳಿಗೆ ಫೋನ್ ಮೂಲಕ ಲೆಕ್ಕ ಕಲಿಸುವ 'ಗಣಿತ ಗಣಕ' ಕಾರ್ಯಕ್ರಮವೂ ರಾಜ್ಯದಲ್ಲಿದೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆ ಮುಚ್ಚಿದ್ದಾಗ ವಾರಕ್ಕೊಮ್ಮೆ ಸುಮಾರು ಇಪ್ಪತ್ತು ನಿಮಿಷದ ಫೋನ್ ಕರೆಯಿಂದಲೂ ಮಕ್ಕಳ ಲೆಕ್ಕ ಸುಧಾರಿಸಿತ್ತು. ಒಬ್ಬ ಶಿಕ್ಷಕರು ಒಂದು ಮಗುವಿನ ಜೊತೆ, ಅದರ ಮಟ್ಟದಲ್ಲಿ ಮಾತಾಡುವುದರ ಬೆಲೆಯನ್ನು ಅದು ತೋರಿಸಿತು.

ಮಟ್ಟಕ್ಕೆ ತಕ್ಕ ಪಾಠದ ಫಲ ಬಹಳ ಕಡೆ ಪರೀಕ್ಷೆಗೊಳಗಾಗಿದೆ. ಪ್ರಥಮ್ ಸಂಸ್ಥೆ ವಡೋದರ ಮತ್ತು ಮುಂಬೈಯ ಶಾಲೆಗಳಲ್ಲಿ 2001–03ರಲ್ಲಿ ನಡೆಸಿದ ಬಾಲಸಖಿ ಪ್ರಯೋಗದಲ್ಲಿ ಅದೇ ಬಡಾವಣೆಯ ಯುವತಿಯರು ಹಿಂದುಳಿದ ಮಕ್ಕಳ ಚಿಕ್ಕ ಗುಂಪಿಗೆ ದಿನಕ್ಕೆ ಎರಡು ತಾಸು ಮೂಲ ಪಾಠ ಹೇಳಿದರು. ಹೆಚ್ಚಿನ ಲಾಭವಾದದ್ದು ತೀರ ಹಿಂದೆ ಇದ್ದವರಿಗೆ. ಇಲ್ಲಿ ಒಂದು ಎಚ್ಚರ ಅಗತ್ಯ. ಗುಂಪು ಮಾಡುವುದು ದಿನದ ಒಂದು ಅವಧಿಗೆ ಮಾತ್ರ ಇರಬೇಕು, ತಿಂಗಳಿಗೊಮ್ಮೆ ಬದಲಾಗಬೇಕು, ಗುಂಪಿಗೆ 'ಸ್ಲೋ ಲರ್ನರ್ಸ್' ಎಂಬ ಹೆಸರು ಬೀಳಬಾರದು. ಎ ಸೆಕ್ಷನ್ ಜಾಣರದು, ಸಿ ಸೆಕ್ಷನ್ ದಡ್ಡರದು ಎಂದು ವರ್ಷವಿಡೀ ಬೇರೆ ಕೂರಿಸುವುದು ಇದಕ್ಕೆ ತದ್ವಿರುದ್ಧವಾದ ಕೆಲಸ.

ನಮ್ಮ ಶಾಲೆಗಳಲ್ಲಿ ಈ ಅವಧಿಗೆ ಹೆಸರೂ ಇದೆ, ಅದು ಸೇತುಬಂಧ. ಪ್ರತಿ ಜೂನ್‌ನಲ್ಲಿ ಪೂರ್ವ ಪರೀಕ್ಷೆ ಮಾಡಿ, ಹಿಂದಿನ ತರಗತಿಯ ಕೊರತೆ ತುಂಬಿ, ಸಾಫಲ್ಯ ಪರೀಕ್ಷೆ ನಡೆಸಬೇಕೆಂಬ ಆದೇಶ ಹಳೆಯದು. ಕೆಲವೇ ವಾರಗಳಲ್ಲಿ ಮುಗಿಯುವ ಸೇತುಬಂಧದಿಂದ ನಾಲ್ಕು ವರ್ಷದ ಕೊರತೆ ತುಂಬುವುದು ಆಗದ ಮಾತು, ದಾಖಲೆಗಾಗಿ ಅಂಕ ತುಂಬುವ ಒತ್ತಡವಷ್ಟೇ ಹೆಚ್ಚುತ್ತದೆ. ಅದೇ ಸೇತುಬಂಧವನ್ನು ದಿನಕ್ಕೆ ಅರ್ಧ ಗಂಟೆಯಂತೆ ವರ್ಷಪೂರ್ತಿ ನಡೆಸಿದರೆ, ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ಗೊತ್ತುಪಡಿಸಿದ 220 ಕೆಲಸದ ದಿನಗಳಲ್ಲಿ 110 ಗಂಟೆ ಸಿಗುತ್ತದೆ. ಸ್ಥಾನಬೆಲೆ, ಭಾಗಾಕಾರ, ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆಗಳನ್ನು ಮೊದಲಿನಿಂದ ಕಲಿಸಲು ಅದು ಸಾಕಾಗುವ ಸಮಯ. ಪಠ್ಯ ಮುಗಿಯುವುದಿಲ್ಲ ಎಂಬ ಆತಂಕ ಸಹಜ. ಆದರೆ ಅರ್ಧ ತರಗತಿ ಹಿಂಬಾಲಿಸಲಾರದ ಪಠ್ಯ ಮುಗಿದರೂ ಮುಗಿದಂತಲ್ಲ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಶಾಲೆಗೆ ಭೇಟಿ ಕೊಟ್ಟಾಗ ಎಷ್ಟು ಪಾಠ ಮುಗಿಯಿತು ಎಂದು ಕೇಳುವ ಬದಲು ಎಷ್ಟು ಮಕ್ಕಳು ಯಾವ ಮೆಟ್ಟಿಲು ದಾಟಿದರು ಎಂದು ಕೇಳಲು ಆರಂಭಿಸಿದರೆ ಶಿಕ್ಷಕರ ಮೇಲಿನ ಈ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಗಣಿತ ಮತ್ತು ವಿಜ್ಞಾನಕ್ಕೆಂದೇ ಒಬ್ಬ ಶಿಕ್ಷಕರು ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇರಲೇಬೇಕೆಂಬುದೂ ಅದೇ ಕಾಯ್ದೆಯ ಅನುಸೂಚಿಯಲ್ಲಿದೆ. ಆ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಮಕ್ಕಳ ನಿರಾಸಕ್ತಿಯ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಈ ಕೆಲಸಕ್ಕೆ ಹೊಸ ಕಾನೂನಿನ ಅಗತ್ಯವೂ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಅದಕ್ಕೆ ತಕ್ಕಂತೆ ಬೇಕಾದ ಹೆಚ್ಚುವರಿ ಪಾಠ ನೀಡುವುದು ಆ ಪಟ್ಟಿಯಲ್ಲಿ ಸೇರಿದೆ.